ಹೆಸರಿಲ್ಲದ ತಂತಿಗಳು

ಹಳೆಯ ವ್ಯಾಯಾಮ ಯಂತ್ರವೊಂದರ ಮುಚ್ಚಳವನ್ನು ಬಿಚ್ಚಿ ಒಳಗೆ ನೋಡಿದವರಿಗೆ ಮೊದಲು ಕಾಣುವುದು ಒಂದು ಹಿಡಿ ತಂತಿ. ಕೆಂಪು, ಕಪ್ಪು, ಬಿಳಿ, ಹಳದಿ. ಕೆಲವು ಕಡೆ ಕಪ್ಪೇ ಎರಡು. ಯಾವುದು ಏನೆಂದು ಹೇಳುವ ಒಂದಕ್ಷರವೂ ಇರುವುದಿಲ್ಲ. ನಿಂತಲ್ಲೇ ತುಳಿಯುವ ಆ ಸೈಕಲ್ಲಿನ ಕಬ್ಬಿಣ ಗಟ್ಟಿಯಾಗಿಯೇ ಇದೆ, ಪೆಡಲು ಸಲೀಸಾಗಿ ತಿರುಗುತ್ತದೆ, ಬೇರಿಂಗಿನಲ್ಲಿ ಅಪಸ್ವರವಿಲ್ಲ. ಆದರೆ ಹಿಡಿಕೆಯ ನಡುವಣ ಮೀಟರು ಮಾತ್ರ ಸೊನ್ನೆಯನ್ನು ಬಿಟ್ಟು ಕದಲುವುದಿಲ್ಲ. ಇಂಥ ಯಂತ್ರಗಳಿಗೆ ನಮ್ಮ ಊರುಗಳಲ್ಲಿ ಒದಗುವ ಗತಿ ಸಾಮಾನ್ಯವಾಗಿ ಒಂದೇ. ಮೊದಲು ಅದರ ಮೇಲೆ ಒದ್ದೆ ಬಟ್ಟೆ ಹರವುತ್ತಾರೆ. ಆಮೇಲೆ ಅದನ್ನು ಮಹಡಿಯ ಮೂಲೆಗೆ ಸಾಗಿಸುತ್ತಾರೆ. ಕಡೆಗೆ ಗುಜರಿಯವನು ಬಂದು ಕಿಲೋ ಲೆಕ್ಕದಲ್ಲಿ ಕೊಂಡೊಯ್ಯುತ್ತಾನೆ. ಮೂವತ್ತು ವರ್ಷ ಬಾಳಬಲ್ಲ ಉಕ್ಕು, ಒಂದು ತಂತಿಯ ಹೆಸರು ಯಾರಿಗೂ ಗೊತ್ತಿಲ್ಲವೆಂಬ ಕಾರಣಕ್ಕೆ, ಕುಲುಮೆಗೆ ಹೋಗುತ್ತದೆ.

ಸಾಹಿತ್ಯದ ಪುಟದಲ್ಲಿ ಈ ಗುಜರಿಯ ಮಾತೇಕೆ ಎಂದು ವಾಚಕರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಹೆಸರಿಲ್ಲದ ತಂತಿಯನ್ನು ಗುರುತಿಸುವುದು ಓದುವ ಕೆಲಸ ಎಂಬುದು ನನ್ನ ಉತ್ತರ. ಓದುವ ಕೆಲಸವನ್ನೇ ವೃತ್ತಿಯಾಗಿ ಮಾಡಿಕೊಂಡಿರುವ ನಾವು ಅದನ್ನು ನಮ್ಮದಲ್ಲವೆಂದು ದೂರ ಇಟ್ಟಿರುವುದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ನಮ್ಮ ಬೀದಿಯಲ್ಲಿ ನಿವೃತ್ತ ಶಾಲಾ ಉಪಾಧ್ಯಾಯರೊಬ್ಬರಿದ್ದಾರೆ. ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ದಿನವೂ ಇಷ್ಟು ಹೊತ್ತು, ಇಷ್ಟು ವೇಗವನ್ನು ಮೀರದಂತೆ ಪೆಡಲು ತುಳಿಯಬೇಕೆಂದು ವೈದ್ಯರು ಅವರಿಗೆ ಹೇಳಿದ್ದರು. ಮನೆಯಲ್ಲಿ ಮಗ ಎಂದೋ ಕೊಂಡಿದ್ದ ಸೈಕಲ್ಲಿತ್ತು. ಎರಡು ತಿಂಗಳು ನಡೆದು ಅದರ ಮೀಟರು ಸೊನ್ನೆಯಲ್ಲಿ ನಿಂತಿತು. ತಯಾರಿಸಿದವರಿಗೆ ಬರೆದು ಕೇಳಿದ್ದಕ್ಕೆ ಮೂರು ವಾಕ್ಯದ ಉತ್ತರ ಬಂತು: ಆ ಮಾದರಿ ಈಗ ಇಲ್ಲ, ತಂತಿಗಳ ನಕ್ಷೆಯನ್ನು ಹೊರಗಿನವರಿಗೆ ಕೊಡುವ ಪದ್ಧತಿಯಿಲ್ಲ, ಹೊಸದನ್ನು ಕೊಂಡರೆ ರಿಯಾಯಿತಿ ಉಂಟು. ಹಣ ಕೊಟ್ಟು ಕೊಂಡು ಹತ್ತು ವರ್ಷ ಮನೆಯಲ್ಲಿಟ್ಟುಕೊಂಡವರು ‘ಹೊರಗಿನವರು’ ಹೇಗಾದರೋ ನನಗೆ ತಿಳಿಯಲಿಲ್ಲ. ಕೊನೆಗೆ ಅದನ್ನು ಬಿಚ್ಚಿದವರು ರೇಡಿಯೋ, ಮಿಕ್ಸಿ ರಿಪೇರಿ ಮಾಡುವ ನಮ್ಮೂರಿನ ಒಬ್ಬ ಹಿರಿಯರು. ತಂತಿಯ ಬಣ್ಣಗಳನ್ನು ಕುರಿತು ನಾನು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಿದ್ದುದನ್ನು ಸ್ವಲ್ಪ ಹೊತ್ತು ಸಹಿಸಿಕೊಂಡು, “ಬಣ್ಣ ಬಿಡಿ ಮೇಷ್ಟ್ರೇ, ಅದು ಎಲ್ಲಿಂದ ಹೊರಟಿದೆ ಅಂತ ನೋಡಿ” ಎಂದರು. ಭಾಷಾಶಾಸ್ತ್ರದ ತರಗತಿಯಲ್ಲಿ ಒಂದು ಗಂಟೆ ಹೇಳಬಹುದಾದ ಮಾತು ಅದು.

ಬಣ್ಣವನ್ನು ನಂಬಿ ಅರ್ಥ ಮಾಡುವುದು ನಿಘಂಟನ್ನು ಮಾತ್ರ ನಂಬಿ ಪದ್ಯಕ್ಕೆ ಅರ್ಥ ಹೇಳಿದಂತೆ. ಕರಿ ಎಂದರೆ ಏನು? ಬಣ್ಣವೂ ಹೌದು, ಆನೆಯೂ ಹೌದು. ಹಪ್ಪಳದ ಮಾತು ಬಂದಲ್ಲಿ ಅದು ಅಡಿಗೆಯ ಮನೆಯ ಕ್ರಿಯಾಪದ. ಎಲ್ಲಿ ನಿಂತಿದೆ, ಯಾವುದರ ಜೊತೆ ನಿಂತಿದೆ ಎಂಬುದನ್ನು ನೋಡದೆ ಒಂದನ್ನು ಆರಿಸುವಂತಿಲ್ಲ. ಕರಿಯ ತಂತಿಯ ವಿಷಯವೂ ಅಷ್ಟೆ. ನಮ್ಮ ಹಳೆಯ ಮನೆಗಳ ಗೋಡೆಯೊಳಗೆ ಕೆಂಪು ಫೇಸು, ಕಪ್ಪು ನ್ಯೂಟ್ರಲ್, ಹಸಿರು ಅರ್ತು. ಅಮೆರಿಕದ ಮನೆಗಳಲ್ಲಿ ಕಪ್ಪೇ ಫೇಸು, ಬಿಳಿಯದು ನ್ಯೂಟ್ರಲ್. ಇಲ್ಲಿಯ ಅಭ್ಯಾಸದಿಂದ ಅಲ್ಲಿ ಕೈಯಿಟ್ಟವನು ಬದುಕಿ ಬಂದರೆ ಪುಣ್ಯ. ಬ್ಯಾಟರಿಯಿಂದ ನಡೆಯುವ ಉಪಕರಣಗಳಲ್ಲಿ ಕಪ್ಪು ಸಾಮಾನ್ಯವಾಗಿ ಋಣ. ಕಾರ್ಖಾನೆಗಳಲ್ಲಿ ಬಳಸುವ ಮೂರು ತಂತಿಯ ಸೆನ್ಸರುಗಳಲ್ಲಿಯಾದರೋ ಕಂದು ಧನ, ನೀಲಿ ಋಣ, ಕಪ್ಪು ಸುದ್ದಿಯನ್ನು ಒಯ್ಯುವ ತಂತಿ. ಒಂದೇ ಬಣ್ಣ ನಾಲ್ಕು ಕಡೆ ನಾಲ್ಕು ಅರ್ಥ. ಅವಾದರೂ ಒಂದು ಕಟ್ಟಳೆಗೆ ಒಳಪಟ್ಟವು. ವ್ಯಾಯಾಮ ಯಂತ್ರದ ಸಣ್ಣ ತಂತಿಗಳಿಗೆ ಅಂಥ ಕಟ್ಟಳೆಯೂ ಇಲ್ಲ. ಆ ದಿನ ಕಾರ್ಖಾನೆಯಲ್ಲಿ ಯಾವ ಬಣ್ಣದ ಸುರುಳಿ ಇತ್ತೋ ಅದನ್ನು ಹಾಕಿರುತ್ತಾರೆ.

ಹಾಗಾದರೆ ದಾರಿ ಯಾವುದು? ಲಿಪಿಶಾಸ್ತ್ರದ ಚರಿತ್ರೆಯಲ್ಲಿ ಇದಕ್ಕೆ ಒಳ್ಳೆಯ ನಿದರ್ಶನವುಂಟು. ಕ್ರೀಟ್ ದ್ವೀಪದ ಮಣ್ಣಿನ ಹಲಗೆಗಳಲ್ಲಿ ಸಿಕ್ಕ ‘ಲೀನಿಯರ್ ಬಿ’ ಎಂಬ ಲಿಪಿಯನ್ನು 1952ರಲ್ಲಿ ಓದಿದವರು ಮೈಕಲ್ ವೆಂಟ್ರಿಸ್ ಎಂಬ ವಾಸ್ತುಶಿಲ್ಪಿ. ಅವರಿಗೆ ದಾರಿಯನ್ನು ಕಡಿದುಕೊಟ್ಟವರು ಆಲಿಸ್ ಕೋಬರ್ ಎಂಬ ಅಮೆರಿಕದ ಅಧ್ಯಾಪಕಿ. ಲಿಪಿ ಬಿಡಿಸಿದ್ದನ್ನು ನೋಡಲು ಉಳಿಯದೆ 1950ರಲ್ಲೇ ತೀರಿಕೊಂಡರು. ಈ ಚಿಹ್ನೆಯ ಉಚ್ಚಾರ ಇದಿರಬಹುದು, ಆ ಚಿಹ್ನೆಯದು ಅದಿರಬಹುದು ಎಂಬ ಊಹೆಗೆ ಆಕೆ ಒಪ್ಪಲೇ ಇಲ್ಲ. ಯಾವ ಚಿಹ್ನೆ ಯಾವುದರ ಜೊತೆಗೆ ಬರುತ್ತದೆ, ಪದದ ಕೊನೆಯಲ್ಲಿ ಏನು ಬದಲಾಗುತ್ತದೆ, ಏನು ಬದಲಾಗದೆ ಉಳಿಯುತ್ತದೆ ಎಂಬುದನ್ನು ಸಾವಿರಾರು ಚೀಟಿಗಳಲ್ಲಿ ಬರೆದು, ಕಾಗದದ ಅಭಾವದ ಆ ಕಾಲದಲ್ಲಿ ಸಿಗರೇಟಿನ ಖಾಲಿ ಪೆಟ್ಟಿಗೆಗಳಲ್ಲಿ ಜೋಡಿಸಿಟ್ಟರು. ಹೆಸರು ಆಮೇಲೆ ಬಂತು. ಸಂಬಂಧ ಮೊದಲು ತಿಳಿಯಿತು. ನಮ್ಮ ರಿಪೇರಿಯ ಹಿರಿಯರು ಆಕೆಯ ಹೆಸರನ್ನು ಕೇಳಿಲ್ಲ. ಆದರೆ ಅವರ ಕ್ರಮ ಅದೇ.

ಅವರು ಮಾಡಿದ ಮೊದಲ ಕೆಲಸ ಮೀಟರಿನ ಬ್ಯಾಟರಿಗಳನ್ನು ತೆಗೆದಿಟ್ಟದ್ದು. ಎರಡನೆಯದು ತಂತಿಗಳನ್ನು ಎಣಿಸಿದ್ದು. ಮೂರನೆಯದು ಪ್ರತಿಯೊಂದು ತಂತಿಯನ್ನೂ ಬೆರಳಿನಿಂದ ಹಿಡಿದು ಅದರ ಮೂಲದವರೆಗೆ ಹೋದದ್ದು. ಎರಡು ತಂತಿ ಪೆಡಲಿನ ರಾಟೆಯ ಪಕ್ಕಕ್ಕೆ ಹೋಗಿದ್ದವು. ಎರಡೆರಡು ತಂತಿ ಎರಡು ಹಿಡಿಕೆಗಳ ಲೋಹದ ಪಟ್ಟಿಗಳಿಗೆ. ಐದು ತಂತಿಯ ಇನ್ನೊಂದು ಕಟ್ಟು ಚಕ್ರವನ್ನು ಬಿಗಿಮಾಡುವ ಸಣ್ಣ ಮೋಟಾರಿನ ಪೆಟ್ಟಿಗೆಗೆ. ಅರ್ಧ ಅರ್ಥ ಅಲ್ಲಿಗೇ ಆಯಿತು. ಓಲೆಗರಿಯ ಪ್ರತಿಗಳಲ್ಲಿ ಪದಗಳ ನಡುವೆ ತೆರಪಿರುವುದಿಲ್ಲ. ಸಂಪಾದಕನಾದವನು ಮೊದಲು ಪದ ಎಲ್ಲಿ ಮುಗಿಯಿತು, ಎಲ್ಲಿ ಹುಟ್ಟಿತು ಎಂದು ಬಿಡಿಸಿಕೊಳ್ಳಬೇಕು. ಅದನ್ನು ಮಾಡದೆ ವ್ಯಾಖ್ಯಾನಕ್ಕೆ ಹೊರಡುವವರು ಎರಡೂ ಕ್ಷೇತ್ರದಲ್ಲಿ ಇದ್ದಾರೆ.

ರಾಟೆಯ ಪಕ್ಕದ ಆ ಎರಡು ತಂತಿಗಳ ತುದಿಯಲ್ಲಿದ್ದದ್ದು ರೀಡ್ ಸ್ವಿಚ್ಚು. ಇದನ್ನು 1936ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಾಲ್ಟರ್ ಎಲ್ವುಡ್ ಎಂಬುವರು ಕಂಡುಹಿಡಿದರು. ಅಕ್ಕಿಯ ಕಾಳಿಗಿಂತ ಒಂದಿಷ್ಟು ದೊಡ್ಡದಾದ ಗಾಜಿನ ಕೊಳವೆ. ಅದರೊಳಗೆ ಕಬ್ಬಿಣ-ನಿಕ್ಕಲಿನ ಎರಡು ತೆಳು ನಾಲಗೆಗಳು, ಒಂದರ ತುದಿ ಇನ್ನೊಂದರ ಮೇಲೆ ಬಂದಿದ್ದರೂ ಕೂದಲೆಳೆಯ ಅಂತರದಲ್ಲಿ ಮುಟ್ಟದೆ ನಿಂತಿರುತ್ತವೆ. ರಾಟೆಗೆ ಅಂಟಿಸಿದ ಅಯಸ್ಕಾಂತ ಎದುರಿಗೆ ಬಂದಾಗ ಎರಡು ತುದಿಗಳೂ ಪರಸ್ಪರ ವಿರುದ್ಧ ಧ್ರುವಗಳಾಗಿ ಆಕರ್ಷಿತವಾಗಿ ಕೂಡುತ್ತವೆ. ಅದು ದಾಟಿ ಹೋದಾಗ ಬಿಡುತ್ತವೆ. ಒಂದು ಸುತ್ತಿಗೆ ಒಂದು ಮುಟ್ಟು. ನಿಮಿಷಕ್ಕೆ 60 ಸುತ್ತು ತುಳಿದರೆ ಸೆಕೆಂಡಿಗೊಂದು. ಮೀಟರಿಗೆ ಗೊತ್ತಿರುವ ಲೋಕ ಇಷ್ಟೇ: ಮುಟ್ಟಿತು, ಬಿಟ್ಟಿತು.

ಇದನ್ನು ಗುರುತಿಸುವುದು ಬಹಳ ಸುಲಭ. ಎರಡು ತಂತಿಗಳನ್ನು ಮೀಟರಿನಿಂದ ಬಿಡಿಸಿ ಮಲ್ಟಿಮೀಟರಿನ ಎರಡು ಕಡ್ಡಿಗಳಿಗೆ ತಗುಲಿಸಿ, ಸಂಪರ್ಕ ಸಿಕ್ಕಿದರೆ ಕೂಗುವ ಸ್ಥಾನದಲ್ಲಿಟ್ಟು, ಪೆಡಲನ್ನು ಮೆಲ್ಲಗೆ ತಿರುಗಿಸಬೇಕು. ಸುತ್ತಿಗೊಮ್ಮೆ ಕೂಗಿದರೆ ಅದು ರೀಡ್ ಸ್ವಿಚ್ಚು, ಮತ್ತು ಅದು ಬದುಕಿದೆ. ಪೆಡಲು ತಿರುಗಿಸದೆ ಪರೀಕ್ಷಿಸುವುದು ಮಾತ್ರ ಕೂಡದು; ಅಯಸ್ಕಾಂತ ಸರಿಯಾಗಿ ಅದರ ಎದುರಿಗೇ ನಿಂತಿದ್ದರೆ ಕೂಗು ನಿಲ್ಲುವುದೇ ಇಲ್ಲ, ಆಗ ಎರಡು ತಂತಿ ಒಳಗೆ ಎಲ್ಲೋ ಕೂಡಿಕೊಂಡಿವೆಯೆಂದು ಭ್ರಮೆಯಾಗುತ್ತದೆ. ಈ ಎರಡು ತಂತಿಗಳಲ್ಲಿ ಯಾವುದು ಯಾವುದೆಂಬ ಚಿಂತೆಯೂ ಬೇಡ. ತಂದೆತಾಯಿ ಎಂದರೂ ತಾಯಿತಂದೆ ಎಂದರೂ ಅರ್ಥ ಕೆಡದ ಹಾಗೆ, ಇವನ್ನು ಅದಲುಬದಲು ಮಾಡಿದರೂ ಕೆಲಸ ಕೆಡುವುದಿಲ್ಲ. ನಮ್ಮ ಉಪಾಧ್ಯಾಯರ ಸೈಕಲ್ಲಿನಲ್ಲಿ ಮಲ್ಟಿಮೀಟರು ಕೂಗಲಿಲ್ಲ. ಬೇರೊಂದು ಅಯಸ್ಕಾಂತವನ್ನು ಹತ್ತಿರಕ್ಕೆ ಹಿಡಿದರೂ ಕೂಗಲಿಲ್ಲ. ಗಾಜು ಒಡೆದಿತ್ತು. ಹೊಸ ರೀಡ್ ಸ್ವಿಚ್ಚಿನ ಬೆಲೆ ಒಂದು ಹೊತ್ತಿನ ಹೋಟೆಲು ಊಟಕ್ಕಿಂತ ಕಡಮೆ.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ನಿಂತಲ್ಲೇ ನಿಂತಿರುವ ಸೈಕಲ್ಲು ‘ಐದು ಕಿಲೋಮೀಟರು’ ಎಂದು ತೋರಿಸುತ್ತದಲ್ಲ, ಅದು ಯಾವ ದೂರ? ರಸ್ತೆಯ ಸೈಕಲ್ಲಿನಲ್ಲಿ ಪೆಡಲು ಒಂದು ಸುತ್ತು ಬಂದರೆ ಹಿಂದಿನ ಗಾಲಿ ಎರಡಕ್ಕಿಂತ ಹೆಚ್ಚು ಸುತ್ತು ಬರುತ್ತದೆ. ಗಾಲಿಯ ಒಂದು ಸುತ್ತಿಗೆ ಎರಡು ಮೀಟರಿಗೆ ಮೇಲೆ ದಾರಿ ಸಾಗುತ್ತದೆ. ಮನೆಯ ಯಂತ್ರದಲ್ಲಿ ಗಾಲಿಯೂ ಇಲ್ಲ, ದಾರಿಯೂ ಇಲ್ಲ. ಒಂದು ಸುತ್ತಿಗೆ ಇಷ್ಟು ಮೀಟರು ಎಂದು ತಯಾರಿಸಿದವರು ಒಳಗೆ ಒಂದು ಅಂಕಿಯನ್ನು ಬರೆದಿಟ್ಟಿರುತ್ತಾರೆ. ಚಕೋರ ಬೆಳದಿಂಗಳನ್ನು ಕುಡಿಯುತ್ತದೆ ಎಂಬಂತೆ ಇದೂ ಒಂದು ಕವಿಸಮಯ. ಒಪ್ಪಿಕೊಂಡು ಓದಿದರೆ ತೊಂದರೆಯಿಲ್ಲ. ಕೆಲವರು ಕೆಟ್ಟ ಮೀಟರನ್ನು ತೆಗೆದುಹಾಕಿ ರಸ್ತೆ ಸೈಕಲ್ಲಿಗೆ ಹಾಕುವ ಅಗ್ಗದ ಮೀಟರನ್ನು ಅದೇ ಎರಡು ತಂತಿಗೆ ಜೋಡಿಸಿ ಕೆಲಸ ನಡೆಸುತ್ತಾರೆ. ಅದೂ ರೀಡ್ ಸ್ವಿಚ್ಚಿನ ಮುಟ್ಟನ್ನೇ ಎಣಿಸುವುದಾದ್ದರಿಂದ ನಡೆಯುತ್ತದೆ. ದೂರದ ಅಂಕಿ ಬೇರೆಯಾಗಬಹುದು. ನಿನ್ನೆಗಿಂತ ಇಂದು ಹೆಚ್ಚೋ ಕಡಮೆಯೋ ಎಂದು ತಿಳಿಯಲು ಅಷ್ಟು ಸಾಕು.

ಎರಡು ತಂತಿಯ ಕಥೆ ಸರಳ. ಕಷ್ಟವಿರುವುದು ಮೂರು ತಂತಿಯಲ್ಲಿ. ಮೂರು ತಂತಿ ಬಂದಿದೆಯೆಂದರೆ ಅದರ ತುದಿಯಲ್ಲಿ ಸಾಮಾನ್ಯವಾಗಿ ಎರಡರಲ್ಲಿ ಒಂದು ಇರುತ್ತದೆ. ಒಂದು, ರೇಡಿಯೋದಲ್ಲಿ ಸದ್ದನ್ನು ಏರಿಸಿ ಇಳಿಸುವ ತಿರುಗುಗುಂಡಿಯೊಳಗೆ ಇರುವಂಥ ರೋಧಕ. ಚಕ್ರವನ್ನು ಬಿಗಿಮಾಡುವ ಮೋಟಾರು ಎಷ್ಟು ದೂರ ತಿರುಗಿದೆಯೆಂದು ಮೀಟರಿಗೆ ಹೇಳುವುದು ಇದರ ಕೆಲಸ. ಇದನ್ನು ಗುರುತಿಸಲು ಕೂಡುವ ಲೆಕ್ಕ ಬಂದರೆ ಸಾಕು. ಮೂರು ತಂತಿಗಳಲ್ಲಿ ಎರಡೆರಡನ್ನು ಹಿಡಿದು ಮೂರು ಬಾರಿ ಅಳೆಯಬೇಕು. ಒಂದು ಜೋಡಿ 5 ಸಾವಿರ ಓಮು, ಇನ್ನೊಂದು 2 ಸಾವಿರ, ಮತ್ತೊಂದು 3 ಸಾವಿರ ಬಂದಿತೆನ್ನಿ. ಚಿಕ್ಕವೆರಡನ್ನು ಕೂಡಿದರೆ ದೊಡ್ಡದು ಬಂತು. ಮೋಟಾರನ್ನು ಸ್ವಲ್ಪ ತಿರುಗಿಸಿ ಮತ್ತೆ ಅಳೆದರೆ 2-3 ಹೋಗಿ 1-4 ಆಗಬಹುದು; 5 ಮಾತ್ರ ಬದಲಾಗದು. ಬದಲಾಗದ ಆ ಜೋಡಿ ಎರಡು ಕೊನೆಗಳು; ಅದರಲ್ಲಿ ಸೇರದ ಮೂರನೆಯದು ನಡುವೆ ಓಡಾಡುವ ತಂತಿ. ಅದೇ ಕಟ್ಟಿನಲ್ಲಿ ಉಳಿದ ಎರಡು ತಂತಿ ಮೋಟಾರಿನವು. ಅವಕ್ಕೂ ಈ ಮೂರಕ್ಕೂ ಸಾಮಾನ್ಯವಾಗಿ ಯಾವ ಸಂಪರ್ಕವೂ ಇರುವುದಿಲ್ಲ. ಐದು ತಂತಿಯ ಗೋಜಲು ಒಂದು ಹರಿದ ಲಕೋಟೆಯ ಹಿಂಬದಿಯಲ್ಲಿ ಬಿಡಿಸಿಹೋಗುತ್ತದೆ. ಯಾವುದು ವ್ಯತ್ಯಾಸಗೊಳ್ಳುತ್ತದೆ, ಯಾವುದು ಸ್ಥಿರ ಎಂದು ಕೇಳುವುದರಲ್ಲೇ ಉತ್ತರವಿತ್ತು. ಧಾತುವನ್ನೂ ಪ್ರತ್ಯಯವನ್ನೂ ನಾವು ಬೇರ್ಪಡಿಸುವುದು ಹೀಗೆಯೇ ಅಲ್ಲವೆ?

ಇನ್ನೊಂದು, ಹಾಲ್ ಸೆನ್ಸರು. ಎಡ್ವಿನ್ ಹಾಲ್ ಎಂಬ ವಿದ್ಯಾರ್ಥಿ 1879ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ತೆಳುವಾದ ಬಂಗಾರದ ರೇಕಿನಲ್ಲಿ ವಿದ್ಯುತ್ತನ್ನು ಹರಿಸಿ, ಅದನ್ನು ಅಯಸ್ಕಾಂತದ ಪ್ರಭಾವಕ್ಕೆ ಒಡ್ಡಿದಾಗ, ಪ್ರವಾಹದ ಅಡ್ಡಕ್ಕೆ ಒಂದು ಸಣ್ಣ ವಿದ್ಯುದ್ಬಲ ತೋರುವುದನ್ನು ಕಂಡ. ಎಲೆಕ್ಟ್ರಾನೆಂಬುದು ಜಗತ್ತಿಗೆ ತಿಳಿದದ್ದು 1897ರಲ್ಲಿ. ಹರಿಯುವುದು ಏನೆಂದೇ ಗೊತ್ತಿಲ್ಲದ ಕಾಲದಲ್ಲಿ ಅದು ಪಕ್ಕಕ್ಕೆ ವಾಲುವುದನ್ನು ಆತ ಅಳೆದಿದ್ದ. ಆ ಪರಿಣಾಮವೇ ಈಗ ಗುಂಡುಸೂಜಿಯ ತಲೆಯಷ್ಟು ಜಾಗದಲ್ಲಿ ಕುಳಿತು ಪೆಡಲಿನ ಸುತ್ತನ್ನು ಎಣಿಸುತ್ತದೆ. ಇದಕ್ಕೆ ಒಂದು ತಂತಿ ವಿದ್ಯುತ್ತನ್ನು ಕೊಡಬೇಕು, ಒಂದು ಹಿಂದಕ್ಕೆ ಒಯ್ಯಬೇಕು, ಒಂದು ಸುದ್ದಿ ಹೇಳಬೇಕು. ಇವನ್ನು ಅದಲುಬದಲು ಮಾಡುವಂತಿಲ್ಲ; ಧನವನ್ನೂ ಋಣವನ್ನೂ ತಿರುಗಿಸಿ ಕೊಟ್ಟರೆ ಆ ಚೂರು ಸುಟ್ಟುಹೋಗಬಹುದು. ಅಳತೆ ಮಾಡಿದರೆ ಇಲ್ಲಿ ಕೂಡುವ ಲೆಕ್ಕ ಹೊಂದುವುದಿಲ್ಲ. ಕಡ್ಡಿಗಳನ್ನು ತಿರುಗಿಸಿ ಹಿಡಿದರೆ ಅಂಕಿಯೇ ಬದಲಾಗುತ್ತದೆ. ಅದೇ ಇದರ ಗುರುತು.

ಹಾಲ್ ಸೆನ್ಸರಿನ ತಂತಿಗಳನ್ನು ಸೆನ್ಸರಿನ ಕಡೆಯಿಂದ ಓದುವುದಕ್ಕಿಂತ ಮೀಟರಿನ ಕಡೆಯಿಂದ ಓದುವುದು ಲೇಸು. ಬ್ಯಾಟರಿಯ ಋಣದ ತಗಡಿನಿಂದ ಮೀಟರಿನ ಪ್ಲಗ್ಗಿನ ಯಾವ ಕಾಲಿಗೆ ನೇರವಾದ ಸಂಪರ್ಕವಿದೆಯೋ ಅದು ಹಿಂದಕ್ಕೆ ಒಯ್ಯುವ ತಂತಿ. ಬ್ಯಾಟರಿ ಹಾಕಿ, ಸೆನ್ಸರು ಜೋಡಿಸಿಯೇ ಇರುವಾಗ, ಪೆಡಲು ತಿರುಗಿದರೂ ತಿರುಗದಿದ್ದರೂ ಒಂದೇ ವೋಲ್ಟನ್ನು ತೋರುವುದು ಕೊಡುವ ತಂತಿ. ಪೆಡಲಿನೊಡನೆ ಏರಿ ಇಳಿಯುವುದು ಸುದ್ದಿಯ ತಂತಿ. ಮೀಟರೇ ಕಳೆದುಹೋಗಿ ಸೆನ್ಸರು ಮಾತ್ರ ಉಳಿದಿದ್ದರೆ, ಹೊರಗಿನಿಂದ 5 ವೋಲ್ಟು ಕೊಟ್ಟು ನೋಡುವಾಗ ನಡುವೆ ಸಾವಿರ ಓಮಿನ ಒಂದು ರೋಧಕವನ್ನು ಹಾಕಬೇಕು. ಆಗ ತಪ್ಪಾಗಿ ಕೊಟ್ಟರೂ ಹರಿಯುವುದು ಆಂಪಿಯರಿನ ಸಾವಿರದ ಐದು ಭಾಗವನ್ನು ಮೀರುವುದಿಲ್ಲ. ಊಹೆ ಮಾಡುವವನು ಊಹೆ ತಪ್ಪಿದರೂ ಗ್ರಂಥ ಹಾಳಾಗದಂತೆ ನೋಡಿಕೊಳ್ಳಬೇಕೆಂಬ ಎಚ್ಚರ ಇದು. ಹಳೆಯ ಪ್ರತಿಯ ಮೇಲೆಯೇ ತಮ್ಮ ಪಾಠವನ್ನು ಶಾಯಿಯಲ್ಲಿ ತಿದ್ದಿದ ಪಂಡಿತರು ಈ ರೋಧಕವನ್ನು ಅರಿಯದವರು.

ಇನ್ನು ಹಿಡಿಕೆಯ ಪಟ್ಟಿಗಳು. ಎರಡು ಕೈಯಿಂದ ಹಿಡಿದರೆ ಹೃದಯದ ಬಡಿತ ಮೀಟರಿನಲ್ಲಿ ಕಾಣುವುದು ಇವುಗಳಿಂದ. ಇದರ ಹಿಂದೆ ನೂರು ವರ್ಷಕ್ಕೆ ಮೇಲ್ಪಟ್ಟ ವಂಶವೃಕ್ಷವುಂಟು. ಹಾಲೆಂಡಿನ ಲೈಡನ್ ನಗರದಲ್ಲಿ ವಿಲ್ಲೆಮ್ ಐಂಥೋವೆನ್ ಎಂಬ ವಿದ್ವಾಂಸರು ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಹೃದಯದ ವಿದ್ಯುತ್ತನ್ನು ಬರೆಯುವ ಯಂತ್ರವನ್ನು ಕಟ್ಟಿದರು. ಅದರ ತೂಕ ಸುಮಾರು 270 ಕಿಲೋ. ರೋಗಿ ತನ್ನ ಎರಡು ಕೈಗಳನ್ನೂ ಒಂದು ಕಾಲನ್ನೂ ಉಪ್ಪುನೀರಿನ ಪಾತ್ರೆಗಳಲ್ಲಿ ಇಟ್ಟುಕೊಂಡು ಕುಳಿತಿರಬೇಕಾಗಿತ್ತು. 1924ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಎಡಗೈಗೂ ಬಲಗೈಗೂ ನಡುವೆ, ಒಂದು ವೋಲ್ಟಿನ ಸಾವಿರದ ಒಂದು ಭಾಗದಷ್ಟು, ಹೃದಯ ಬಡಿದಾಗಲೆಲ್ಲ ಏಳುವ ಅಲೆಯನ್ನೇ ವ್ಯಾಯಾಮದ ಸೈಕಲ್ಲೂ ಹುಡುಕುವುದು. ಉಪ್ಪುನೀರಿನ ಕೆಲಸವನ್ನು ಬೆವರು ಮಾಡುತ್ತದೆ. ಈ ತಂತಿಗಳನ್ನು ಗುರುತಿಸುವುದು ಸುಲಭ: ಪಟ್ಟಿಯ ಮೇಲೆ ಮಲ್ಟಿಮೀಟರಿನ ಒಂದು ಕಡ್ಡಿ, ತಂತಿಯ ತುದಿಯಲ್ಲಿ ಇನ್ನೊಂದು, ಕೂಗಿದರೆ ಅದು ಅದರದು. ಆದರೆ ಪ್ಲಗ್ಗಿನಿಂದ ಮನೆಯ ವಿದ್ಯುತ್ತನ್ನು ಪಡೆಯುವ ಯಾವ ಉಪಕರಣಕ್ಕೂ ಈ ತಂತಿಗಳನ್ನು ಜೋಡಿಸಕೂಡದು. ಅವುಗಳ ಇನ್ನೊಂದು ತುದಿ ಮನುಷ್ಯನ ಕೈ. ಈ ಅಂಕಿಯನ್ನು ವೈದ್ಯರ ಯಂತ್ರದ ಅಂಕಿಯೆಂದು ನಂಬುವುದೂ ಬೇಡ. ಹಿಡಿತ ಸಡಿಲವಾದರೆ ಅದು ಬಾಯಿಗೆ ಬಂದದ್ದನ್ನು ಹೇಳುತ್ತದೆ.

ಟ್ರೆಡ್‌ಮಿಲ್ಲಿನ ವಿಷಯದಲ್ಲಿ ಮಾತ್ರ ನನ್ನ ಸಲಹೆ ಬೇರೆ. ಅಲ್ಲಿಯೂ ವೇಗವನ್ನು ಅಳೆಯುವುದು ಇಂಥದೇ ಒಂದು ಸೆನ್ಸರು. ಅದು ಕೆಟ್ಟರೆ ಪಟ್ಟಿ ಹೊರಟು ಕೆಲವು ಸೆಕೆಂಡುಗಳಲ್ಲಿ ನಿಂತುಬಿಡುತ್ತದೆ, ಇಡೀ ಯಂತ್ರ ಸತ್ತಿತೆಂದು ಮಾಲೀಕರು ತಿಳಿಯುತ್ತಾರೆ. ಆದರೆ ಅದರ ಮೋಟಾರಿನ ಮುಚ್ಚಳದ ಕೆಳಗೆ 230 ವೋಲ್ಟಿನ ವಿದ್ಯುತ್ತಿದೆ. ಪ್ಲಗ್ಗನ್ನು ಕಿತ್ತ ಮೇಲೂ ಒಳಗಿನ ಕೆಪ್ಯಾಸಿಟರುಗಳಲ್ಲಿ ಪ್ರಾಣಾಪಾಯದಷ್ಟು ವಿದ್ಯುತ್ತು ಉಳಿದಿರಬಹುದು. ಅದು ಬಲ್ಲವರ ಕೆಲಸ. ಓದಬಲ್ಲೆನೆಂಬ ಉತ್ಸಾಹದಿಂದ ಎಲ್ಲ ಶಾಸನಗಳನ್ನೂ ಬಂಡೆಯ ತುದಿಗೆ ಹತ್ತಿ ಓದಬೇಕಾದ್ದಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಇದನ್ನೆಲ್ಲ ನಾವು ಪತ್ತೆದಾರರಂತೆ ಕಂಡುಹಿಡಿಯಬೇಕಾದದ್ದೇಕೆ? ಓಲೆಗರಿಯ ಲಿಪಿಕಾರ ಸತ್ತು ಶತಮಾನಗಳಾದವು, ಅವನನ್ನು ಕೇಳುವಂತಿಲ್ಲ. ಸೈಕಲ್ಲಿನ ತಯಾರಕರು ಬದುಕಿದ್ದಾರೆ. ನಕ್ಷೆ ಅವರ ಬಳಿ ಇದೆ. ಕೊಡಲು ಮನಸ್ಸಿಲ್ಲ. ಕವಾಟದ ಕಾಲದ ರೇಡಿಯೋಗಳನ್ನು ನೋಡಿದವರಿಗೆ ನೆನಪಿರಬಹುದು: ಅನೇಕ ಪೆಟ್ಟಿಗೆಗಳ ಒಳಮೈಗೆ ಅದರ ಪೂರ್ಣ ನಕ್ಷೆಯನ್ನು ಅಂಟಿಸಿರುತ್ತಿದ್ದರು. ಅದು ರಿಪೇರಿಗೆ ಬರುವುದು ಸಹಜ, ಬಂದಾಗ ಬಿಚ್ಚುವವನು ಒಬ್ಬನಿರುತ್ತಾನೆ, ಅವನಿಗೆ ಓದು ಬರುತ್ತದೆ ಎಂಬ ಮರ್ಯಾದೆ ಆ ಕಾಗದದಲ್ಲಿತ್ತು. ಅದಕ್ಕಿಂತ ಎಷ್ಟೋ ಸರಳವಾದ ಸೈಕಲ್ಲಿಗೆ ಈಗ ಆ ಕಾಗದವಿಲ್ಲ.

ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ‘ರಿಪೇರಿಯ ಹಕ್ಕಿ’ನ ಚೌಕಟ್ಟನ್ನು ರೂಪಿಸಲು ಒಂದು ಸಮಿತಿಯನ್ನು ನೇಮಿಸಿತು; ಅದೇ ವರ್ಷದ ಡಿಸೆಂಬರಿನಲ್ಲಿ ಅದಕ್ಕಾಗಿ ಒಂದು ಜಾಲತಾಣವೂ ಪ್ರಾರಂಭವಾಯಿತು. ಕೃಷಿ ಉಪಕರಣ, ಮೊಬೈಲು ಮತ್ತು ಟ್ಯಾಬ್ಲೆಟ್ಟು, ಗೃಹೋಪಯೋಗಿ ವಸ್ತುಗಳು, ವಾಹನಗಳು ಎಂದು ನಾಲ್ಕು ವರ್ಗಗಳನ್ನು ಮೊದಲಿಗೆ ಎತ್ತಿಕೊಂಡರು. ವ್ಯಾಯಾಮ ಯಂತ್ರವನ್ನು ಹೆಸರಿಟ್ಟು ಯಾರೂ ಕರೆದಿಲ್ಲ. ಕರೆಯಬೇಕೆಂಬುದು ನನ್ನ ಒತ್ತಾಯ. ಕೇಳುವುದು ದೊಡ್ಡದೇನೂ ಅಲ್ಲ. ತಂತಿಯ ಬಣ್ಣ, ಅದು ಹೋಗುವ ಸ್ಥಳ, ಅದರ ಕೆಲಸ, ಇರಬೇಕಾದ ವೋಲ್ಟು: ನಾಲ್ಕು ಕಲಮಿನ ಒಂದು ಪಟ್ಟಿ ಮುಚ್ಚಳದ ಒಳಮೈಯಲ್ಲಿ ಅಚ್ಚಾಗಿರಲಿ.

ಇದಕ್ಕೆ ಬರುವ ಆಕ್ಷೇಪಣೆಗಳನ್ನು ಬಲ್ಲೆ. ನಕ್ಷೆ ಕೊಟ್ಟರೆ ತಿಳಿಯದವರು ಕೈಹಾಕಿ ಅಪಾಯ ಮಾಡಿಕೊಳ್ಳುತ್ತಾರೆ ಎಂಬುದು ಒಂದು. ತಿಳಿಯದವರು ನಕ್ಷೆಯಿಲ್ಲದೆಯೂ ಕೈಹಾಕುತ್ತಾರೆ. ‘ಇಲ್ಲಿ ಅಪಾಯ’ ಎಂದು ಬರೆದ ನಕ್ಷೆ ಅವರಲ್ಲಿ ಅರ್ಧ ಮಂದಿಯನ್ನಾದರೂ ತಡೆದೀತು. ವ್ಯಾಪಾರದ ಗುಟ್ಟು ಹೊರಬೀಳುತ್ತದೆ ಎಂಬುದು ಇನ್ನೊಂದು. 1936ರ ಗಾಜಿನ ಕೊಳವೆಯಲ್ಲಿ ಯಾವ ಗುಟ್ಟು? ಗುಟ್ಟಿರುವುದು ಹೊಸದನ್ನು ಮಾರುವ ಲೆಕ್ಕದಲ್ಲಿ ಮಾತ್ರ ಎಂದು ನನಗೆ ತೋರುತ್ತದೆ.

ನಮ್ಮ ಮೇಲೂ ಒಂದು ಹೊಣೆ ಇದೆ. ಗ್ರಂಥಸಂಪಾದನೆಯ ಪಾಠದಲ್ಲಿ ನಾವು ಕಲಿಸುವ ಶಿಸ್ತು, ಎಂದರೆ ಊಹೆಯನ್ನು ತಡೆಹಿಡಿಯುವುದು, ಸಂದರ್ಭವನ್ನು ಕೇಳುವುದು, ಒಂದೊಂದು ಪಾಠಾಂತರವನ್ನೂ ದಾಖಲಿಸುವುದು, ಪರೀಕ್ಷೆಯ ಹಾಳೆಯಲ್ಲಿ ಮುಗಿದುಹೋಗುತ್ತಿದೆ. ಆ ವಿದ್ಯಾರ್ಥಿಯೇ ಮನೆಗೆ ಹೋಗಿ, ನಿಂತ ಯಂತ್ರವನ್ನು ನೋಡಿ, ‘ಇದು ನಮಗೆ ತಿಳಿಯುವುದಲ್ಲ’ ಎಂದು ಕೈಚೆಲ್ಲುತ್ತಾನೆ. ಸಾಹಿತ್ಯದ ವಿದ್ಯಾರ್ಥಿಗೆ ವಿದ್ಯುತ್ತು ತಿಳಿಯದು ಎಂಬುದು ನಾವೇ ಹಬ್ಬಿಸಿದ ಮಾತು. ವಿಜ್ಞಾನದ ಹುಡುಗರ ಸ್ಥಿತಿಯೂ ಇದಕ್ಕಿಂತ ಬಹಳ ಮೇಲಲ್ಲ. ಹಾಲ್ ಪರಿಣಾಮದ ಸೂತ್ರವನ್ನು ಬರೆಯಬಲ್ಲವನಿಗೆ ಅದು ತನ್ನ ಮನೆಯ ಮೂಲೆಯಲ್ಲೇ ಇರಬಹುದೆಂದು ಯಾರೂ ಹೇಳಿರುವುದಿಲ್ಲ. ಪರಿಭಾಷೆಯ ತೊಡಕನ್ನೂ ಇಲ್ಲಿ ದೊಡ್ಡದು ಮಾಡಬೇಕಾಗಿಲ್ಲ. ‘ಸಂವೇದಕ’ ಎಂದು ಬರೆಯುವವರು ಬರೆಯಲಿ. ರಿಪೇರಿಯ ಅಂಗಡಿಯಲ್ಲಿ ‘ಸೆನ್ಸರು’ ಕನ್ನಡವಾಗಿ ಎಷ್ಟೋ ಕಾಲವಾಯಿತು, ವಿಭಕ್ತಿ ಪ್ರತ್ಯಯಗಳನ್ನೂ ಚೆನ್ನಾಗಿ ತಾಳಿಕೊಳ್ಳುತ್ತದೆ.

ನಮ್ಮ ಹಿರಿಯರು ಹೊಸ ಕೊಳವೆಯನ್ನು ಬೆಸೆದು, ಪೆಡಲು ತಿರುಗಿಸಿ, ಮೀಟರು ಎದ್ದದ್ದನ್ನು ನೋಡಿದರು. ಆಮೇಲೆ ಒಂದು ತುಂಡು ರಟ್ಟನ್ನು ಕೇಳಿದರು. ನಾನು ಹೇಳುತ್ತ ಹೋದಂತೆ ಉಪಾಧ್ಯಾಯರು ತಮ್ಮ ದುಂಡು ಅಕ್ಷರದಲ್ಲಿ ಕನ್ನಡದಲ್ಲಿ ಬರೆದರು: ‘ಬಿಳಿ ಎರಡು: ಪೆಡಲಿನ ಸುತ್ತು, ಹಿಂದು ಮುಂದಾದರೆ ಚಿಂತೆಯಿಲ್ಲ. ಹಳದಿ, ಹಸಿರು: ಎಡಗೈ ಪಟ್ಟಿ. ನೀಲಿ, ಕಂದು: ಬಲಗೈ ಪಟ್ಟಿ. ಕೆಂಪು, ಕಪ್ಪು: ಮೋಟಾರು. ಬೂದು, ಕಿತ್ತಳೆ: ಬಿಗಿ ಅಳತೆಯ ಎರಡು ಕೊನೆ. ನೇರಳೆ: ನಡುವಿನದು.’ ಕೆಳಗೆ ತಾರೀಖು. ಶಾಯಿಗೆ ಎಣ್ಣೆ ತಗುಲಿದರೆ ಹರಡುತ್ತದೆಂದು ಪೆನ್ಸಿಲಿನಲ್ಲೇ ಬರೆಸಿದರು. ರಟ್ಟನ್ನು ಮುಚ್ಚಳದ ಒಳಮೈಗೆ ಅಂಟಿಸಿ ನಾಲ್ಕು ತಿರುಪುಗಳನ್ನು ಬಿಗಿದರು. ಐದನೆಯ ತಿರುಪು ಎಲ್ಲಿ ಹೋಯಿತೆಂದು ಇನ್ನೂ ಹುಡುಕುತ್ತಿದ್ದಾರೆ.